ಕಂಬ ಎಲ್ಲಿಗೆ ಬಂದು ನಿಂತಿತು?

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬೆಳಗಾವಿ ದಾಟಿ ಸಂಕೇಶ್ವರದ ಕಡೆ ಹೊರಟರೆ ನಡುವೆ ಯಮಕನಮರಡಿ ಸಿಗುತ್ತದೆ. ಅಲ್ಲಿ ಹೊಲದಲ್ಲೋ ಓಣಿಯಲ್ಲೋ ನಿಂತ ಲೈಟಿನ ಕಂಬ ತೋರಿಸಿ ‘ಇದು ಯಾರ ಕಂಬ?’ ಎಂದು ಕೇಳಿ ನೋಡಿ. ಬೇರೆ ತಾಲ್ಲೂಕಿನಲ್ಲಾದರೆ ‘ಕೆಇಬಿ ಕಂಬ’ ಅಂದಾರು. ಕೆಇಬಿ ಸತ್ತು ಕಾಲು ಶತಮಾನ ಕಳೆದರೂ ಜನರ ಬಾಯಲ್ಲಿ ಅದು ಸತ್ತಿಲ್ಲ. ಇಲ್ಲಿ ಮಾತ್ರ ‘ಸೊಸಾಯಿಟಿ ಕಂಬ ರೀ’ ಅಂತಾರೆ. ಹುಕ್ಕೇರಿ ತಾಲ್ಲೂಕಿಗೆ ಕರೆಂಟು ಹಂಚುವುದು ಸರ್ಕಾರದ ಕಂಪನಿಯಲ್ಲ, ಖಾಸಗಿ ಮಾಲಕನೂ ಅಲ್ಲ. ಶೇರುದಾರರ ಒಂದು ಸಹಕಾರಿ ಸಂಘ. ಕರ್ನಾಟಕದಲ್ಲಿ ಇಂಥದ್ದು ಇದೊಂದೇ.

ಈ ಸಂಘದ ಚರಿತ್ರೆಯನ್ನು ಅದರ ಸುವರ್ಣ ಮಹೋತ್ಸವದ ಭಾಷಣಗಳ ಧಾಟಿಯಲ್ಲಿ ಬರೆಯಲು ನಾವು ಕೂತಿಲ್ಲ. ಹಳಿಯಲಿಕ್ಕೂ ಕೂತಿಲ್ಲ. ನಮ್ಮ ಪ್ರಶ್ನೆ ಬೇರೆ. ಸಾರ್ವಜನಿಕರ ರೊಕ್ಕ ಬೆಳಕಾಗಿ ಹರಿಯುವಾಗ ಅದು ಯಾವ ಹಾದಿ ಹಿಡಿದು ಹರಿಯುತ್ತದೆ? ಎಲ್ಲಿಗೆ ಬಂದು ನಿಲ್ಲುತ್ತದೆ? ಈಗ ಎಲ್ಲರೂ ಸೂರ್ಯನ ಹೆಸರು ಹೇಳುತ್ತಿರುವಾಗ ಈ ಹಳೆಯ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. ಸೂರ್ಯ ಊರಿಗೂ ಕೇರಿಗೂ ಒಂದೇ ಆಗಿ ಮೂಡುತ್ತಾನೆ, ನಿಜ. ಆದರೆ ಸೂರ್ಯನ ಹೆಸರಿನ ಸಬ್ಸಿಡಿ ಹಾಗೆ ಮೂಡುವುದಿಲ್ಲ.

ಮೊದಲು ಪಕ್ಕದ ಗೋಕಾಕಕ್ಕೆ ಹೋಗೋಣ. 171 ಅಡಿ ಎತ್ತರದಿಂದ ಘಟಪ್ರಭೆ ಧುಮುಕುವ ಜಾಗದಲ್ಲಿ, 1887ರಷ್ಟು ಹಿಂದೆಯೇ ನೀರಿನಿಂದ ವಿದ್ಯುತ್ತು ತೆಗೆದರೆಂದು ನಮ್ಮ ಸೀಮೆಯ ಚರಿತ್ರೆಯ ಪುಸ್ತಕಗಳು ಹೆಮ್ಮೆಯಿಂದ ಹೇಳುತ್ತವೆ. ಆ ವಿದ್ಯುತ್ತು ಹತ್ತಿ ಗಿರಣಿಗೆ ಹೋಯಿತು. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದಿಂದ ಎಳೆದ ತಂತಿ ನೂರಾರು ಹಳ್ಳಿಗಳ ತಲೆಯ ಮೇಲೆ ಹಾದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಸಂಸ್ಥಾನದ ಬೊಕ್ಕಸದ ರೊಕ್ಕ, ಇಂಗ್ಲಿಷ್ ಕಂಪನಿಯ ಗಣಿ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಅದಾದ ಮೇಲೆ, 1905ರಲ್ಲಿ. ಗಣಿಯ ಆಳಕ್ಕೆ ಇಳಿದು ದುಡಿದವರಲ್ಲಿ ಬಹಳ ಮಂದಿ ತಮಿಳು ಜಿಲ್ಲೆಗಳಿಂದ ಬಂದ ಅಸ್ಪೃಶ್ಯ ಜಾತಿಗಳವರು. ಯಂತ್ರಕ್ಕೆ ಮೊದಲು, ಪಟ್ಟಣಕ್ಕೆ ಆಮೇಲೆ, ಹಳ್ಳಿಗೆ ಬಹಳ ಆಮೇಲೆ, ಕೇರಿಗೆ ಎಲ್ಲರಿಗಿಂತ ಆಮೇಲೆ. ಈ ಸರತಿ ನಮ್ಮ ನಾಡಿನಲ್ಲಿ ಹಾಕಿಕೊಟ್ಟದ್ದು ಆಗಲೇ.

ವಿದ್ಯುತ್ತಿನ ವಿಚಾರದಲ್ಲಿ ಬಾಬಾಸಾಹೇಬರ ಹೆಸರು ಪಠ್ಯಪುಸ್ತಕದಲ್ಲಿ ಬರುವುದಿಲ್ಲ. ನಿಪ್ಪಾಣಿಗೆ 1925ರಲ್ಲಿ ಅವರು ಬಂದಿದ್ದರು, ಅಲ್ಲಿ ಮುಂಬೈ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತು ನಡೆಯಿತು ಎಂಬುದನ್ನು ನಮ್ಮ ಕಡೆಯ ಹಿರಿಯರು ನೆನೆಯುತ್ತಾರೆ. ಹುಕ್ಕೇರಿಗೆ ನಿಪ್ಪಾಣಿ ದೂರವಲ್ಲ. ಆದರೆ 1942ರಿಂದ 1946ರವರೆಗೆ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದಾಗ ದೇಶದ ವಿದ್ಯುತ್ ಖಾತೆಯೂ ಅವರ ಕೈಯಲ್ಲಿತ್ತು ಎಂಬುದನ್ನು ಎಷ್ಟು ಮಾಸ್ತರರು ಮಕ್ಕಳಿಗೆ ಹೇಳಿದ್ದಾರೆ? 1943ರ ಅಕ್ಟೋಬರ್‌ನಲ್ಲಿ ಯುದ್ಧಾನಂತರದ ವಿದ್ಯುತ್ ನೀತಿಯ ಸಮಿತಿಯ ಅಧ್ಯಕ್ಷತೆ ವಹಿಸಿ ಅವರು ಎತ್ತಿದ ಪ್ರಶ್ನೆ ಇದು: ವಿದ್ಯುತ್ತು ಖಾಸಗಿಯವರ ಕೈಯಲ್ಲಿರಬೇಕೋ, ರಾಜ್ಯದ ಕೈಯಲ್ಲಿರಬೇಕೋ? ಬಡತನದಿಂದ ಬಿಡುಗಡೆಗೆ ಕೈಗಾರಿಕೆ ಬೇಕು, ಕೈಗಾರಿಕೆಗೆ ಅಗ್ಗವಾದ, ಧಾರಾಳವಾದ ವಿದ್ಯುತ್ತು ಬೇಕು, ಅದನ್ನು ಲಾಭಕೋರರು ಕೊಡಲಾರರು ಎಂಬುದು ಅವರ ವಾದದ ಜಾಡು. 1944ರಲ್ಲಿ ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ ಬಂತು. 1948ರಲ್ಲಿ ವಿದ್ಯುತ್ ಸರಬರಾಜು ಕಾಯ್ದೆ ಬಂತು, ಅದರಡಿ ರಾಜ್ಯಗಳ ಮಂಡಳಿಗಳು ಹುಟ್ಟಿದವು. ಬಾಬಾಸಾಹೇಬರು ವಿದ್ಯುತ್ತನ್ನು ನೋಡಿದ್ದು ಹೊಲದ ಮೋಟಾರಿನ ಕಣ್ಣಿನಿಂದಲ್ಲ, ಹಳ್ಳಿಯನ್ನು ಬಿಟ್ಟು ಹೊರಡಬೇಕಾದವನ ಕಣ್ಣಿನಿಂದ. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

1965–66ರ ಬರ. ಹಡಗು ಹಡಗು ಅಮೆರಿಕದ ಗೋಧಿ, ಕೆಂಪು ಮಿಲೋ ಜೋಳ. ಪಿ.ಎಲ್. 480 ಎಂಬ ಅಮೆರಿಕದ 1954ರ ಕಾಯ್ದೆಯ ಪ್ರಕಾರ ನಾವು ಆ ಕಾಳಿಗೆ ಡಾಲರಿನಲ್ಲಿ ಅಲ್ಲ, ರೂಪಾಯಿಯಲ್ಲಿ ಬೆಲೆ ಕೊಟ್ಟೆವು. ಆ ರೂಪಾಯಿ ಅಮೆರಿಕದ ಲೆಕ್ಕದಲ್ಲಿ ಇಲ್ಲೇ ರಾಶಿ ಬಿತ್ತು. ಆಗ ದಿಲ್ಲಿಗೆ ಹೊಳೆದದ್ದು ಹಸಿರು ಕ್ರಾಂತಿ. ಬೀಜ, ಗೊಬ್ಬರ, ನೀರು. ನೀರಿಗೆ ಪಂಪ್‌ಸೆಟ್ಟು, ಪಂಪ್‌ಸೆಟ್ಟಿಗೆ ಕರೆಂಟು. 1969ರ ಜುಲೈನಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪನೆಯಾಯಿತು. ನಾಲ್ಕನೇ ಯೋಜನೆಯಲ್ಲಿ ಅದಕ್ಕೆ ಗೊತ್ತುಮಾಡಿದ 150 ಕೋಟಿಯಲ್ಲಿ 105 ಕೋಟಿ ಪಿ.ಎಲ್. 480ರ ರೊಕ್ಕ, 45 ಕೋಟಿ ಕೇಂದ್ರ ಸರ್ಕಾರದ್ದು. ಸರತಿ ಹಚ್ಚಿ ಮಿಲೋ ಜೋಳ ತಂದು ರೊಟ್ಟಿ ತಟ್ಟಿ ತಿಂದವರು ಯಾರು? ಕೂಲಿಯವರು, ಹೊಲವಿಲ್ಲದವರು, ರೇಷನ್ ಅಂಗಡಿಯ ಮುಂದೆ ಕಾದವರು. ಅವರು ತಿಂದ ಕಾಳಿನ ಬೆಲೆಯೇ ತಿರುಗಿ ಕಂಬವಾಗಿ, ತಂತಿಯಾಗಿ, ಟಿ.ಸಿ.ಯಾಗಿ ಬಂತು. ಬಂದದ್ದು ಮಾತ್ರ ಬೇರೆಯವರ ಬಾವಿಯ ದಂಡೆಗೆ.

ಅಮೆರಿಕದವರು ರೊಕ್ಕದ ಸಂಗಡ ತಮ್ಮ ಮಾದರಿಯನ್ನೂ ಕಳಿಸಿದರು. 1930ರ ದಶಕದ ನಡುವೆ ಅಲ್ಲಿಯ ಖಾಸಗಿ ವಿದ್ಯುತ್ ಕಂಪನಿಗಳು ಹಳ್ಳಿಗಾಡಿಗೆ ತಂತಿ ಎಳೆಯಲು ಒಲ್ಲೆವೆಂದಿದ್ದವು. ಹತ್ತು ಹೊಲಮನೆಗಳಲ್ಲಿ ಒಂದಕ್ಕೆ ಮಾತ್ರ ಕರೆಂಟು. ರೂಸ್‌ವೆಲ್ಟ್ ಸರ್ಕಾರ 1935ರಲ್ಲಿ ಒಂದು ಇಲಾಖೆ ತೆರೆದು, ರೈತರ ಸಹಕಾರಿ ಸಂಘಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಟ್ಟು ತಂತಿ ಎಳೆಸಿತು. ದೊಡ್ಡ ಕೆಲಸವೇ. ಆದರೆ ಅಲ್ಲಿಯೂ ಸಾಲಕ್ಕೆ ಆಧಾರ ಹೊಲಮನೆ. ದಕ್ಷಿಣದ ರಾಜ್ಯಗಳಲ್ಲಿ ಜಮೀನ್ದಾರನ ಗುಡಿಸಲಲ್ಲಿ ಪಾಲಿಗೆ ದುಡಿಯುತ್ತಿದ್ದ ಕರಿಯರಿಗೆ ಮನೆಯೂ ತಮ್ಮದಲ್ಲ, ಗೋಡೆಯೂ ತಮ್ಮದಲ್ಲ. ತಂತಿ ಜೋಡಿಸು ಎಂದು ಕೇಳುವ ಹಕ್ಕು ಎಲ್ಲಿಂದ ಬರಬೇಕು?

ಈ ಮಾದರಿಯ ಪ್ರಯೋಗಕ್ಕೆ ಭಾರತದಲ್ಲಿ ಐದು ಜಾಗ ಆರಿಸಿದರು. ಗುಜರಾತಿನ ಕೋಡಿನಾರ, ಉತ್ತರಪ್ರದೇಶದ ಲಖನೌ, ಮಹಾರಾಷ್ಟ್ರದ ಮುಳಾ–ಪ್ರವರಾ, ಆಗಿನ ಆಂಧ್ರದ ಸಿರಿಸಿಲ್ಲಾ, ಆಗಿನ ಮೈಸೂರು ರಾಜ್ಯದ ಹುಕ್ಕೇರಿ. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದ ಅಪ್ಪಣಗೌಡ ಪಾಟೀಲರೇ ಇಲ್ಲಿಯ ವಿದ್ಯುತ್ ಸಂಘಕ್ಕೂ ಮುಂದಾಳು. ಮುಂಬೈ ಪ್ರಾಂತ್ಯದ ಕಾಲದಿಂದ ಸಹಕಾರದ ರೂಢಿ ಬಿದ್ದ ನೆಲ ಇದು. 1969ರಲ್ಲಿ ಸಂಘ ಹುಟ್ಟಿತು. ಹುಟ್ಟಿದ ಐದರಲ್ಲಿ ಇವತ್ತಿಗೂ ಉಸಿರಾಡುತ್ತಿರುವುದು ಹುಕ್ಕೇರಿ ಮತ್ತು ಸಿರಿಸಿಲ್ಲಾ. ಮುಳಾ–ಪ್ರವರಾದ ಲೈಸೆನ್ಸು 2011ರಲ್ಲಿ ಹೋಯಿತು. ಉಳಿದವು ತಂತಮ್ಮ ರಾಜ್ಯದ ಮಂಡಳಿಗಳಲ್ಲಿ ಕರಗಿದವು. ವಿದ್ಯುತ್ತನ್ನು ಬಂಡವಾಳಗಾರರ ಕೈಗೆ ಹಾಕುವ ಮಸೂದೆಗಳು ದಿಲ್ಲಿಯಲ್ಲಿ ಮತ್ತೆ ಮತ್ತೆ ತಲೆ ಎತ್ತುವ ಈ ದಿನಗಳಲ್ಲಿ, ಒಂದು ತಾಲ್ಲೂಕಿನ ಜನ ಐವತ್ತು ವರ್ಷಕ್ಕೂ ಮಿಕ್ಕಿ ತಮ್ಮ ತಂತಿ ತಾವೇ ಕಾಯ್ದುಕೊಂಡದ್ದು ಸಣ್ಣ ಮಾತಲ್ಲ. ಅದನ್ನು ಒಪ್ಪದಿದ್ದರೆ ನಾವು ಅಪ್ರಾಮಾಣಿಕರಾಗುತ್ತೇವೆ.

ಒಪ್ಪಿಕೊಂಡು ಲೆಕ್ಕಕ್ಕೆ ಬರೋಣ. ಸಹಕಾರಿ ಸಂಘದಲ್ಲಿ ಶೇರು ತಗೊಂಡವನು ಸಭಾಸದ, ಸಭಾಸದನಾದವನಿಗೆ ಮತ. ನಿಗಮದಿಂದ ತಂದ ಸಾಲ ತಿರುಗಿ ಕಟ್ಟಬೇಕಾದರೆ ಕರೆಂಟು ಖರ್ಚಾಗಬೇಕು, ಅದಕ್ಕೆ ಲೋಡು ಬೇಕು. ಐದು ಎಚ್.ಪಿ. ಮೋಟಾರು ಒಂದು ತಾಸು ಓಡಿದರೆ ತಿನ್ನುವ ಕರೆಂಟು, 40 ವ್ಯಾಟಿನ ಬಲ್ಬು 93 ತಾಸು ಉರಿದಷ್ಟು. ಹೀಗಿರುವಾಗ ಯಾವ ಇಂಜಿನಿಯರು ಮೊದಲ ಟಿ.ಸಿ.ಯನ್ನು ಎಲ್ಲಿ ಕೂಡಿಸುತ್ತಾನೆ? ಅವನು ಜಾತಿವಾದಿಯಾಗಬೇಕಿಲ್ಲ. ಕೆಟ್ಟವನೂ ಆಗಬೇಕಿಲ್ಲ. ಅವನ ಕೈಯಲ್ಲಿರುವ ಲೆಕ್ಕದ ಹಾಳೆಯೇ ಅವನನ್ನು ಬಾವಿಯಿದ್ದವನ ಹೊಲಕ್ಕೆ ಕರೆದೊಯ್ಯುತ್ತದೆ. ಬಾವಿ ಯಾರದು? ಹೊಲ ಯಾರದು? ಊರಿನ ಬಾವಿಗೆ ಹಗ್ಗ ಇಳಿಸಲಿಕ್ಕೇ ಬಿಡದ ಊರುಗಳಲ್ಲಿ ನಮ್ಮವರಿಗೆ ಸ್ವಂತ ಬಾವಿ ಎಷ್ಟಿದ್ದವು? ಇದು ಹುಕ್ಕೇರಿಯ ತಪ್ಪಲ್ಲ, ದೇಶದ ಯೋಜನೆಯ ತಿರುಳೇ ಹಾಗಿತ್ತು.

ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ‘ವಿದ್ಯುದೀಕರಣವಾದ ಹಳ್ಳಿ’ ಅಂದರೆ ಏನು ಎಂದು ಸರ್ಕಾರದ ಕಾಗದ ಹೇಳುತ್ತಿದ್ದುದನ್ನು ನೋಡಿ. 1997ರವರೆಗೆ ಇದ್ದ ವ್ಯಾಖ್ಯೆ: ಹಳ್ಳಿಯ ಕಂದಾಯ ಸರಹದ್ದಿನ ಒಳಗೆ ಎಲ್ಲಿಯಾದರೂ, ಯಾವ ಕೆಲಸಕ್ಕಾದರೂ ವಿದ್ಯುತ್ತು ಬಳಕೆಯಾದರೆ ಸಾಕು, ಆ ಹಳ್ಳಿ ವಿದ್ಯುದೀಕರಣ ಆದಂತೆ. ಗೌಡರ ತೋಟದಲ್ಲಿ ಒಂದು ಮೋಟಾರು ಗುಂಯ್‌ಗುಟ್ಟಿದರೆ ಇಡೀ ಊರು ಬೆಳಗಿತು! ಊರೊಳಗಿನ ಒಂದು ಮನೆಯಲ್ಲೂ ಬಲ್ಬು ಇರಬೇಕಿಲ್ಲ. 1997ರ ಅಕ್ಟೋಬರಿನಲ್ಲಿ ತಿದ್ದಿದರು: ಕಂದಾಯ ಸರಹದ್ದು ಸಾಲದು, ಜನವಸತಿಯ ಒಳಗೆ ವಿದ್ಯುತ್ತು ಬಳಕೆಯಾಗಬೇಕು. ಸರಿ, ಹೊಲದಿಂದ ಊರೊಳಗೆ ಬಂತು. 2004ರಲ್ಲಿ ಮತ್ತೆ ತಿದ್ದಿದರು. ಜನವಸತಿಯಲ್ಲಿ ಮಾತ್ರವಲ್ಲ, ದಲಿತ ಬಸ್ತಿ ಇದ್ದಲ್ಲಿ ಅಲ್ಲಿಯೂ ಟಿ.ಸಿ., ತಂತಿ ಇರಬೇಕು. ಶಾಲೆ, ಪಂಚಾಯ್ತಿ, ದವಾಖಾನೆಗೆ ಕರೆಂಟು ಇರಬೇಕು. ನೂರರಲ್ಲಿ ಹತ್ತು ಮನೆಗಾದರೂ ಇರಬೇಕು. ಹತ್ತು! ತೊಂಬತ್ತು ಮನೆ ಕತ್ತಲಲ್ಲಿದ್ದರೂ ಹಳ್ಳಿ ಪಾಸು.

ಗೆಳೆಯರೇ, ಆ ಎರಡು ಶಬ್ದ ಗಮನಿಸಿ: ದಲಿತ ಬಸ್ತಿ. ಸ್ವಾತಂತ್ರ್ಯ ಬಂದು 57 ವರ್ಷಕ್ಕೆ ಕೇರಿ ಎಂಬುದು ಹಳ್ಳಿಯ ಭಾಗ ಎಂದು ವಿದ್ಯುತ್ ಇಲಾಖೆಯ ಕಾಗದ ಒಪ್ಪಿತು. ಅಷ್ಟು ವರ್ಷ ‘ಇಷ್ಟು ಲಕ್ಷ ಹಳ್ಳಿಗಳಿಗೆ ಬೆಳಕು’ ಎಂದು ಓದಿದ ಅಂಕಿಯಲ್ಲಿ ನಮ್ಮ ಮನೆಗಳು ಎಣಿಕೆಯಾಗದೆಯೂ ಎಣಿಕೆಯಾಗಿದ್ದವು. ನಿಗಮಕ್ಕೆ ಇದು ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. 1970ರ ದಶಕದಲ್ಲೇ ‘ಈಗಾಗಲೇ ವಿದ್ಯುದೀಕರಣವಾದ ಹಳ್ಳಿಗಳ ಹರಿಜನ ಬಸ್ತಿ’ಗಳಿಗೆ ಬೀದಿದೀಪ ಹಾಕಲು ಬೇರೆಯದೇ ಸಾಲದ ಯೋಜನೆ ಇಟ್ಟಿತ್ತು. ಹಳ್ಳಿಗೆ ಬೆಳಕಾಗಿದೆ, ಬಸ್ತಿಗೆ ಆಗಬೇಕಾಗಿದೆ: ಒಂದೇ ವಾಕ್ಯದಲ್ಲಿ ಊರು–ಕೇರಿ ಬೇರೆ ಬೇರೆ ಅಂತ ಸರ್ಕಾರವೇ ಬರೆದುಕೊಟ್ಟ ಮುಚ್ಚಳಿಕೆ ಅದು.

ನಮ್ಮ ಬಳಗದ ಮಾಸ್ತರರೊಬ್ಬರು ಹೇಳುತ್ತಾರೆ. ಊರ ಹೆಸರು ಬೇಡ, ಎಲ್ಲ ಊರೂ ಅದೇ. ಅವರು ಏಳನೇ ಇಯತ್ತೆ ಓದುವಾಗ ಊರ ಕೊನೆಯ ಕಂಬ ಅಗಸಿಯ ಹೊರಗೆ ನಿಂತಿತ್ತು. ಅಲ್ಲಿಂದ ಕೇರಿಗೆ ನೂರು ಮಾರು. ಸಂಜೆ ಹೊತ್ತು ಕೇರಿಯ ನಾಲ್ಕು ಹುಡುಗರು ಆ ಕಂಬದ ಕೆಳಗೆ ಪುಸ್ತಕ ಹಿಡಿದು ಕೂಡುತ್ತಿದ್ದರು. ಹಾದುಹೋಗುವ ಹಿರಿಯರು ‘ಯಾಕ್ರೋ, ಹಾದ್ಯಾಗ ಕುಂತೀರಿ?’ ಅಂತ ಗದರಿಸಿದರೆ ಏಳುವುದು, ಅವರು ಹೋದ ಮೇಲೆ ಮತ್ತೆ ಕೂಡುವುದು. ಮನೆಯಲ್ಲಿ ಚಿಮಣಿ ಇತ್ತು, ಚಿಮಣಿಗೆ ಎಣ್ಣೆ ಇರುತ್ತಿರಲಿಲ್ಲ. ‘ಮಳೆ ಬಂದ್ರ ಅವತ್ತ ಅಭ್ಯಾಸ ಇಲ್ಲ’ ಅಂತ ಅವರು ನಗುತ್ತಾರೆ. ನಮಗೆ ನಗು ಬರುವುದಿಲ್ಲ. ನೂರು ಮಾರು ತಂತಿಗೆ ಎಷ್ಟು ರೊಕ್ಕ ಬೇಕಿತ್ತು?

ಕೇರಿಯ ಮನೆಯೊಳಗೆ ಬಲ್ಬು ಬಂದದ್ದು 1979–80ರ ಸುಮಾರಿಗೆ ಶುರುವಾದ ಭಾಗ್ಯಜ್ಯೋತಿಯಿಂದ. ಮನೆಗೊಂದು ಬಲ್ಬು, 40 ವ್ಯಾಟು. ಕೇಂದ್ರದ ಕುಟೀರ ಜ್ಯೋತಿ ಬಂದದ್ದು 1988–89ರಲ್ಲಿ, ಹೆಚ್ಚುಕಡಿಮೆ ಅದೇ ಅಚ್ಚಿನಲ್ಲಿ. ಒಂದು ಬಲ್ಬಿನ ಮನೆ ಎಂದರೆ ಏನು ಎಂದು ಅದರಲ್ಲಿ ಬೆಳೆದವರಿಗೆ ಗೊತ್ತು. ಅವ್ವ ಒಲೆಯ ಮುಂದೆ ಕತ್ತಲಲ್ಲಿ ಇರಬೇಕು, ಇಲ್ಲವೇ ಮಕ್ಕಳು ಕತ್ತಲಲ್ಲಿರಬೇಕು. ಆದರೂ ಆ ಬಲ್ಬನ್ನು ನಾವು ಹಗುರವಾಗಿ ಕಾಣುವುದಿಲ್ಲ. ಇದನ್ನು ಬರೆಯುತ್ತಿರುವ ಕೈಗಳು ಅಕ್ಷರ ತಿದ್ದಿದ್ದು ಅದರ ಕೆಳಗೇ.

ಈಗ ಬಿಸಿಲಿನ ಮಾತು. ಬಿಸಿಲಿನಿಂದ ಕರೆಂಟು ಮಾಡಲು ಎರಡು ಹಾದಿಗಳುಂಟು. ಒಂದು, ಈಗ ಎಲ್ಲ ಕಡೆ ಕಾಣುವ ನೀಲಿ ಹಲಗೆ. ಬೆಳಕು ಬಿದ್ದರೆ ನೇರವಾಗಿ ಕರೆಂಟು. ಇನ್ನೊಂದು, ಬಿಸಿಲಿನ ಕಾವಿನಿಂದ ತೆಗೆಯುವುದು: ಸಾಲು ಸಾಲು ಬಾಗಿದ ಕನ್ನಡಿ ನಿಲ್ಲಿಸಿ ಬಿಸಿಲನ್ನೆಲ್ಲ ಒಂದು ಕೊಳವೆಯ ಮೇಲೆ ಕೂಡಿಸಿ, ಒಳಗಿನ ಎಣ್ಣೆ ಕಾಸಿ, ಆ ಕಾವಿನಿಂದ ಉಗಿ ಎಬ್ಬಿಸಿ ಚಕ್ರ ತಿರುಗಿಸುವುದು. ಈ ಎರಡನೆಯದಕ್ಕೆ ಒಂದು ದೊಡ್ಡ ಗುಣವಿದೆ. ಕಾವನ್ನು ಕರಗಿದ ಉಪ್ಪಿನಲ್ಲಿ ಕೂಡಿಟ್ಟುಕೊಂಡು ಹೊತ್ತು ಮುಳುಗಿದ ಮೇಲೂ ಕರೆಂಟು ತೆಗೆಯಬಹುದು.

ಇದಕ್ಕೆ ಸಾರ್ವಜನಿಕ ರೊಕ್ಕ ಸುರಿದ ಕಥೆಯೂ ಕೇಳಬೇಕಾದದ್ದೆ. ರಾಜಸ್ಥಾನದ ಮಥಾನಿಯಾದಲ್ಲಿ 140 ಮೆಗಾವಾಟಿನ ಸ್ಥಾವರ, ಅದರಲ್ಲಿ 35 ಬಿಸಿಲ ಕಾವಿನದು ಎಂದು 1990ರ ದಶಕದಲ್ಲಿ ಯೋಜನೆ ಹಾಕಿದರು. ಜಾಗತಿಕ ಪರಿಸರ ನಿಧಿ 490 ಲಕ್ಷ ಡಾಲರು ಕೊಡಲು ಒಪ್ಪಿತು, ಜರ್ಮನಿಯ ಸರ್ಕಾರಿ ಬ್ಯಾಂಕು ಸಾಲಕ್ಕೆ ಮುಂದಾಯಿತು. ವರ್ಷಗಟ್ಟಲೆ ಕಾಗದ ಓಡಾಡಿತು, ಕಡೆಗೆ ಒಂದು ಕನ್ನಡಿಯೂ ನಿಲ್ಲಲಿಲ್ಲ. 2010ರ ಜನವರಿಯಲ್ಲಿ ರಾಷ್ಟ್ರೀಯ ಸೌರ ಮಿಷನ್ ಬಂತು. ಮೊದಲ ಹಂತದಲ್ಲೇ ಕಾವಿನ ಸ್ಥಾವರಗಳಿಗೆ 470 ಮೆಗಾವಾಟು, ಏಳು ಗುತ್ತಿಗೆ. ಯೂನಿಟ್ಟಿಗೆ 10 ರೂಪಾಯಿ 49 ಪೈಸೆಯಿಂದ 12 ರೂಪಾಯಿ 24 ಪೈಸೆಯವರೆಗೆ ದರ. ಇಷ್ಟು ತುಟ್ಟಿ ಕರೆಂಟನ್ನು ಯಾರು ಕೊಂಡಾರು? ಅದಕ್ಕೊಂದು ಉಪಾಯ ಮಾಡಿದರು. ಸಾರ್ವಜನಿಕ ರಂಗದ ಎನ್.ಟಿ.ಪಿ.ಸಿ.ಯ ಅಗ್ಗದ ಕಲ್ಲಿದ್ದಲ ಕರೆಂಟನ್ನು ಇದರ ಜೊತೆ ಕಲಸಿ ಮಾರುವುದು. ಹಾಲಿಗೆ ನೀರು ಬೆರೆಸುವವರನ್ನು ನಾವು ಕಂಡಿದ್ದೇವೆ, ಇದು ತಿರುಗುಮುರುಗು. ಅಷ್ಟಾಗಿಯೂ ಆ ಏಳರಲ್ಲಿ ನಿಂತದ್ದು ಮೂರು: ರಾಜಸ್ಥಾನದ ನೋಖ್‌ನಲ್ಲಿ 2013ರಲ್ಲಿ, ಅಲ್ಲಿಯದೇ ಧುರ್ಸರ್‌ನಲ್ಲಿ 2014ರಲ್ಲಿ, ನಮ್ಮ ಗಡಿಯಾಚೆಯ ಅನಂತಪುರ ಜಿಲ್ಲೆಯಲ್ಲಿ 2014ರಲ್ಲಿ. ಅಷ್ಟರಲ್ಲಿ ನೀಲಿ ಹಲಗೆಯ ಬೆಲೆ ಕುಸಿಯಿತು, ಕನ್ನಡಿಯ ಹಾದಿಯನ್ನು ಎಲ್ಲರೂ ಕೈಬಿಟ್ಟರು.

ಇದರಲ್ಲಿ ನಮಗೆ ಕಾಣುವುದು ಬರೀ ಬೆಲೆಯ ಲೆಕ್ಕವಲ್ಲ. ಹೊಲದ ಮೋಟಾರಿಗೆ ಹಗಲಿನ ಕರೆಂಟು ಸಾಕು. ಹಗಲೆಲ್ಲ ಮತ್ತೊಬ್ಬರ ಹೊಲದಲ್ಲಿ ದುಡಿದು ಬಂದವಳಿಗೆ ಬೇಕಾದದ್ದು ಹೊತ್ತು ಮುಳುಗಿದ ಮೇಲಿನ ಕರೆಂಟು. ರಾತ್ರಿಗೆ ಕಾವು ಕೂಡಿಡುವ ವಿದ್ಯೆ ತುಟ್ಟಿಯಾಯಿತೆಂದು ಬಿದ್ದುಹೋದಾಗ ಆ ಬಗ್ಗೆ ಸಂಜೆಯ ಒಲೆಯ ಮುಂದಿನವರನ್ನು ಕೇಳಿದವರಿಲ್ಲ.

ನಮ್ಮ ನಾಡಿನಲ್ಲಿ ಬಿಸಿಲ ಕಾವಿಗೆ ಸರ್ಕಾರದ ನೆರವು ಸಿಕ್ಕಿದ್ದು ಕರೆಂಟು ಮಾಡಲಿಕ್ಕಲ್ಲ, ಮೈತೊಳೆಯುವ ನೀರು ಕಾಸಲಿಕ್ಕೆ. ಮಾಳಿಗೆಯ ಮೇಲೆ ಸೋಲಾರ್ ಹೀಟರ್ ಇಟ್ಟವರಿಗೆ ವಿದ್ಯುತ್ ಕಂಪನಿಗಳು ಹಲವು ವರ್ಷ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ 50 ರೂಪಾಯಿ ಮೀರದಂತೆ ಬಿಲ್ಲಿನಲ್ಲಿ ಸೋಡಿ ಕೊಟ್ಟವು. ಬೆಂಗಳೂರಿನ ಬಡಾವಣೆಗಳ ಮಾಳಿಗೆಗಳು ತುಂಬಿಹೋದವು. ಹುಕ್ಕೇರಿ ಸೀಮೆಯ ಕೇರಿಯಲ್ಲಿ ಹಂಡೆಯ ಕೆಳಗೆ ಇವತ್ತಿಗೂ ಉರಿಯುವುದು ಕುಳ್ಳು, ಹತ್ತಿಕಟ್ಟಿಗೆ, ಕಬ್ಬಿನ ರವದಿ. ಅದಕ್ಕೆ ಸೋಡಿ ಕೊಡುವ ಇಲಾಖೆ ಇಲ್ಲ.

ನೀಲಿ ಹಲಗೆ ಮಾತ್ರ ನಮ್ಮ ಜಿಲ್ಲೆಗೆ ಬೇಗ ಬಂತು. ಚಿಕ್ಕೋಡಿ ಕಡೆಯ ಇಟ್ನಾಳದಲ್ಲಿ ಕರ್ನಾಟಕ ವಿದ್ಯುತ್ ನಿಗಮ 3 ಮೆಗಾವಾಟಿನ ಸ್ಥಾವರ ಕಟ್ಟಿತು, ಕೋಲಾರದ ಯಳೇಸಂದ್ರದಲ್ಲಿ ಇಂಥದ್ದೇ ಒಂದು. ಉದ್ದೇಶ ಮತ್ತೆ ಅದೇ, ಪಂಪ್‌ಸೆಟ್ಟುಗಳಿಗೆ ಹಗಲು ಕರೆಂಟು. ಆಮೇಲೆ ಬಂದದ್ದು ತುಮಕೂರು ಜಿಲ್ಲೆಯ ಪಾವಗಡ. ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವಾಟು. ಸೌರ ಪಾರ್ಕುಗಳಿಗೆ ಕೇಂದ್ರದಿಂದ ಮೆಗಾವಾಟಿಗೆ 20 ಲಕ್ಷದವರೆಗೆ ನೆರವು. ಹೊಲವನ್ನು ಕಸಿಯಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಹಿಡಿದರು. ಭೂಸ್ವಾಧೀನದ ಲಾಠಿಗಿಂತ ಇದು ಎಷ್ಟೋ ವಾಸಿ ಎಂದು ನಾವೂ ಹೇಳುತ್ತೇವೆ. ಆದರೆ ಗುತ್ತಿಗೆ ಹಣ ಬಂದದ್ದು ಪಹಣಿಯಲ್ಲಿ ಹೆಸರಿದ್ದವನಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಶೇಂಗಾ ಹರಿದು ಹೊಟ್ಟೆ ಹೊರೆಯುತ್ತಿದ್ದ ಕೂಲಿಯ ಹೆಸರು ಯಾವ ಪಹಣಿಯಲ್ಲಿದೆ? ಹೊಲಕ್ಕೆ ಬೇಲಿ ಬಿದ್ದ ದಿನ ಅವಳ ಕೂಲಿಯೂ ಬೇಲಿಯೊಳಗೆ ಉಳಿಯಿತು.

ಹೊಸ ಯೋಜನೆಗಳನ್ನೂ ಇದೇ ಕಣ್ಣಿನಿಂದ ಓದಿ. ಕುಸುಮ್ ಯೋಜನೆಯ ಸೌರ ಪಂಪ್‌ಸೆಟ್ಟಿಗೆ ಕೇಂದ್ರ 30, ರಾಜ್ಯ 50, ಒಟ್ಟು ನೂರಕ್ಕೆ 80ರಷ್ಟು ಸಹಾಯಧನ. ಬೇಕಾದದ್ದು ಹೊಲ ಮತ್ತು ಬೋರು. 2024ರ ಫೆಬ್ರವರಿಯಲ್ಲಿ ಬಂದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ; ಬೇಕಾದದ್ದು ಗಟ್ಟಿ ಮಾಳಿಗೆ. ತಗಡಿನ ಮನೆಯವನು ಹಲಗೆಯನ್ನು ಎಲ್ಲಿ ಇಡಬೇಕು, ತಲೆಯ ಮೇಲೆ ಇಟ್ಟುಕೊಳ್ಳಬೇಕೆ?

ಇನ್ನು ನಮ್ಮ ಪಾಲಿನ ರೊಕ್ಕದ ಮಾತು. ಪರಿಶಿಷ್ಟರ ಜನಸಂಖ್ಯೆಗೆ ತಕ್ಕಷ್ಟು, ಅಂದರೆ ನೂರಕ್ಕೆ 24.1ರಷ್ಟು ಯೋಜನಾ ಹಣ ಅವರಿಗೇ ಖರ್ಚಾಗಬೇಕೆಂದು 2013ರಲ್ಲಿ ಕರ್ನಾಟಕ ಕಾಯ್ದೆ ಮಾಡಿತು. ಹೋರಾಟದಿಂದ ಬಂದ ಕಾಯ್ದೆ. ಆದರೆ ಅದರಲ್ಲೇ 7(ಡಿ) ಎಂಬ ಒಂದು ಕಿಂಡಿ ಬಿಟ್ಟಿದ್ದರು. ಎಲ್ಲರಿಗಾಗಿ ಮಾಡಿದ ಕೆಲಸದಲ್ಲೂ ಒಂದು ಪಾಲನ್ನು ದಲಿತರಿಗೆ ಖರ್ಚಾಯಿತೆಂದು ‘ಭಾವಿಸಿ’ ಬರೆದುಕೊಳ್ಳಬಹುದು. ಭಾವನೆಯಲ್ಲಿ ಬಂದ ರಸ್ತೆ, ಭಾವನೆಯಲ್ಲಿ ಬಂದ ಕಾಲುವೆ! ಹತ್ತು ವರ್ಷ ಕೂಗಿದ ಮೇಲೆ 2023ರಲ್ಲಿ ಆ ಕಿಂಡಿ ಮುಚ್ಚಿದರು. ಅದೇ 2023–24ರಲ್ಲಿ ಈ ಉಪಯೋಜನೆಗಳ 11,144 ಕೋಟಿ ರೂಪಾಯಿಯನ್ನು ಗ್ಯಾರಂಟಿಗಳಿಗೆ ಕೊಟ್ಟರು. 200 ಯೂನಿಟ್ಟಿನವರೆಗೆ ಬಿಲ್ಲಿಲ್ಲದ ಗೃಹಜ್ಯೋತಿಯೂ ಅದರಲ್ಲಿ ಒಂದು. ಗೃಹಜ್ಯೋತಿ ಬೇಡವೆಂದು ನಾವು ಹೇಳುತ್ತಿಲ್ಲ, ನಮ್ಮ ಮನೆಯ ಬಿಲ್ಲೂ ಸೊನ್ನೆಯೇ ಬರುತ್ತದೆ. ಎಲ್ಲರಿಗೂ ಕೊಡುವುದನ್ನು ಎಲ್ಲರ ಬೊಕ್ಕಸದಿಂದ ಕೊಡಿ. ಕೇರಿಗೆ ಅಂತ ಎತ್ತಿಟ್ಟದ್ದು ಕೇರಿಯ ಹೊಲಕ್ಕೆ, ಬೋರಿಗೆ, ಮಾಳಿಗೆಗೆ ಬರಲಿ ಎಂಬುದಷ್ಟೆ ತಕರಾರು.

ಹುಕ್ಕೇರಿಗೆ ಮರಳೋಣ. 2025ರ ಸೆಪ್ಟೆಂಬರಿನಲ್ಲಿ ಸಂಘದ ಚುನಾವಣೆ ನಡೆದಾಗ ದೊಡ್ಡ ದೊಡ್ಡ ಮನೆತನಗಳು ಪೆನಲ್ ಕಟ್ಟಿಕೊಂಡು ವಿಧಾನಸಭೆಗಿಂತ ಜೋರಾಗಿ ಹೊಡೆದಾಡಿದವು. ಯಮಕನಮರಡಿ ವಿಧಾನಸಭಾ ಕ್ಷೇತ್ರ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು. ಸಂಘದ ಆಡಳಿತ ಮಂಡಳಿಯಲ್ಲೂ ಸಹಕಾರಿ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿಗೆ ಒಂದು, ಪಂಗಡಕ್ಕೆ ಒಂದು ಕುರ್ಚಿ ಇದೆ. ಪೆನಲ್ಲಿನ ಯಜಮಾನರು ಯಾರನ್ನು ಆ ಕುರ್ಚಿಯಲ್ಲಿ ಕೂಡಿಸುತ್ತಾರೆ ಎಂಬುದಕ್ಕಿಂತ, ತಾಲ್ಲೂಕಿನ ಕೇರಿಗಳಲ್ಲಿ ಎಷ್ಟು ಮನೆಯವರು ಶೇರುದಾರರು, ಎಷ್ಟು ಮನೆಯವರು ಬರೀ ಗಿರಾಕಿಗಳು ಎಂಬ ಪ್ರಶ್ನೆ ನಮಗೆ ದೊಡ್ಡದು. ಶೇರಿನ ಯಾದಿ ಗುಟ್ಟಿನ ಕಾಗದವಲ್ಲ. ಸಭಾಸದರಾದವರು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಬಹುದು.

ಓದುಗ ಗೆಳೆಯರಲ್ಲಿ, ಅದರಲ್ಲೂ ಹಳ್ಳಿಯ ಮಾಸ್ತರರಲ್ಲಿ, ಕಾಲೇಜು ಹುಡುಗ ಹುಡುಗಿಯರಲ್ಲಿ ಒಂದು ಕೆಲಸ ಕೇಳುತ್ತಿದ್ದೇವೆ. ನಿಮ್ಮ ಊರಿನ ಹಿರಿಯರ ಹತ್ತಿರ ಕೂತು ಮೂರು ಇಸವಿ ಬರೆದುಕೊಳ್ಳಿ. ಹೊಲದಲ್ಲಿ ಮೊದಲ ಮೋಟಾರು ಕೂತದ್ದು ಯಾವಾಗ, ಊರೊಳಗೆ ಮೊದಲ ಬಲ್ಬು ಹೊತ್ತಿದ್ದು ಯಾವಾಗ, ಕೇರಿಗೆ ಮೊದಲ ಕಂಬ ಬಂದದ್ದು ಯಾವಾಗ. ಇಸವಿ ನೆನಪಿಲ್ಲದಿದ್ದರೆ ‘ಆ ಬರದ ವರ್ಷ’, ‘ನಮ್ಮ ಹಿರಿಮಗಳ ಲಗ್ನದ ವರ್ಷ’ ಅಂತ ಹೇಳುತ್ತಾರೆ, ಅದನ್ನೇ ಬರೆಯಿರಿ. ಹಿಡಕಲ್ ಡ್ಯಾಮಿನ ನೀರಿನಲ್ಲಿ ಊರು ಮುಳುಗಿ ಎದ್ದುಬಂದವರಿದ್ದರೆ ಅವರನ್ನು ಬಿಡದೆ ಕೇಳಿ. ಆ ನೀರಿನಿಂದ 32 ಮೆಗಾವಾಟು ತೆಗೆಯುವ ಮನೆ ಡ್ಯಾಮಿನ ಬುಡದಲ್ಲೇ ಇದೆ. ಅವರ ಹೊಸ ಊರಿಗೆ ಕರೆಂಟು ಬಂದ ವರ್ಷ ಯಾವುದು? ಬಂದ ಯಾದಿಯನ್ನು ತಾಲ್ಲೂಕುವಾರು ಮುಂದಿನ ಸಂಚಿಕೆಗಳಲ್ಲಿ ಅಚ್ಚು ಹಾಕುತ್ತೇವೆ. ಹೆಸರು ಬೇಡವೆಂದವರ ಹೆಸರು ಹಾಕುವುದಿಲ್ಲ.